ಅಮೋಘವರ್ಷ ಯಾವ ಬ್ಲಾಕು?

ನಮ್ಮ ಅವ್ವ ಬದುಕಿರುವ ತನಕ ನಮ್ಮ ಮನೆಗೆ ಗೇಟು ಇರಲಿಲ್ಲ. ಅವ್ವ ಇದ್ದಳು.

ಬಂಕಾಪುರದ ನಮ್ಮ ಓಣಿಯಲ್ಲಿ, ತಲಬಾಗಿಲ ಮಗ್ಗುಲಿನ ಕಟ್ಟೆಯ ಮೇಲೆ, ಸವಣೂರು ಎಲೆಯ ಚಂಚಿ ಬಿಚ್ಚಿಕೊಂಡು ಅವಳು ಕೂತಳೆಂದರೆ ಇರುವೆ ಕೂಡ ತನ್ನ ಹುಟ್ಟಿದೂರು ಹೇಳದೆ ಹೊಸ್ತಿಲು ದಾಟುವಂತಿರಲಿಲ್ಲ. ಮೊದಲ ಪ್ರಶ್ನೆ, "ಯಾವೂರಪಾ?" ಎರಡನೆಯದು, "ಯಾರ ಪೈಕಿ?" ಮೂರನೆಯದು, "ನಿಮ್ಮವ್ವನ ತವರಮನಿ ಯಾವುದು?" ನಾಲ್ಕನೆಯದಕ್ಕೆ ಹೋಗುವ ಪ್ರಸಂಗ ಬಹಳ ಸಲ ಬರುತ್ತಿರಲಿಲ್ಲ. ಅಷ್ಟರೊಳಗೆ ಹಾನಗಲ್ಲಿನ ಕಡೆಯಿಂದಲೋ ಹಿರೇಕೆರೂರಿನ ಕಡೆಯಿಂದಲೋ ಸಂಬಂಧ ಹತ್ತಿಬಿಡುತ್ತಿತ್ತು. ಒಮ್ಮೆ ಸ್ಟೀಲ್ ಪಾತ್ರೆ ಮಾರುವವನೊಬ್ಬ ಬಂದ. ಹತ್ತು ನಿಮಿಷದಲ್ಲಿ ಅವನು ನಮ್ಮ ಅತ್ತೆಯ ನಾದಿನಿಯ ಮೈದುನ ಎಂದು ಸಾಬೀತಾಯಿತು. ರೊಟ್ಟಿ ಉಂಡ, ಕಟ್ಟೆಯ ಮೇಲೆ ಒಂದು ನಿದ್ದೆ ತೆಗೆದ, ಬೀಗರ ಹತ್ತಿರ ಲಾಭ ತಗೊಳ್ಳುವುದು ಹೆಂಗೆ ಎಂದು ಒಂದು ಡಬರಿ ಪುಕ್ಕಟೆ ಕೊಟ್ಟು ಹೋದ. ಆಮೇಲೆ ಅವನು ನಮ್ಮ ಓಣಿಗೆ ವ್ಯಾಪಾರಕ್ಕೆ ಬಂದದ್ದನ್ನು ಯಾರೂ ನೋಡಲಿಲ್ಲ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿ, 31 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಮೇಲಾಗಿ ಕೋಟೆಯೂರಿನವನು. ಕಂದಕ, ಅಗಸಿ, ಕಾವಲು ಎಂಬ ಮಾತುಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹೀಗಾಗಿ ಬೆಂಗಳೂರಿನ ಮಗ ಫೋನಿನಲ್ಲಿ, "ಬರೋದಾದ್ರೆ ಮೊದಲೇ ಹೇಳಿ ಅಪ್ಪಾಜಿ, ಗೇಟಿಗೆ ಕೋಡ್ ಹಾಕಿಸಬೇಕು" ಎಂದಾಗ ನನಗೆ ನಗು ಬಂತು. ಮಗನ ಮನೆಗೆ ಹೋಗಲು ಅಪ್ಪನಿಗೆ ಕೋಡೇ? ಹೇಳದೆ ಹೋಗಿ ಬೆರಗುಗೊಳಿಸುತ್ತೇನೆ ಎಂದು ಒಂದು ಸೋಮವಾರ ರಾತ್ರಿ ಚೀಲ ಕಟ್ಟಿದೆ. ಹೆಂಡತಿ, "ಬ್ಯಾಡ್ರಿ, ಹೇಳಿ ಹೋಗ್ರಿ" ಎಂದಳು. ಅವಳ ಮಾತನ್ನು ನಾನು ಕೇಳದಿದ್ದುದರಿಂದಲೇ ಈ ಲೇಖನ ಹುಟ್ಟಿದೆ.

350 ಕಿ.ಮೀ. ಹತ್ತಿರದ ಹಾದಿ, ರಾತ್ರಿ ಬಸ್ಸು. ಬಸ್ಸಿನಲ್ಲಿ ಮೊಬೈಲು ಕದಿಯುತ್ತಾರೆ ಎಂದು ಯಾರೋ ಹೇಳಿದ್ದರು. ಅದಕ್ಕೆ ಮೊಬೈಲನ್ನು ಚೀಲದ ತಳದಲ್ಲಿ, ಸಜ್ಜಿ ರೊಟ್ಟಿಯ ಕೆಳಗೆ, ಶೇಂಗಾ ಹಿಂಡಿಯ ಡಬ್ಬಿಗೂ ಬ್ಯಾಡಗಿ ಮೆಣಸಿನ ಪುಡಿಗೂ ನಡುವೆ ಹುಗಿದಿದ್ದೆ. ಅಲಾಯಿದಾ ಕೈಚೀಲದಲ್ಲಿ ಎರಡು ಕಿಲೋ ಸವಣೂರು ಖಾರ. ಬೆಳಗಿನ ಐದೂಮುಕ್ಕಾಲಿಗೆ ಮಗನ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ನಿಂತೆ. ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ಗೋಣಿಚೀಲ.

ಗೇಟಿನಲ್ಲಿ ಇದ್ದವನು ಅಸ್ಸಾಮಿನ ಹುಡುಗ. ಕೈಯಲ್ಲಿ ಪಾಟಿಯಂಥ ಯಂತ್ರ. ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಅರ್ಧ ಬಹಳ ಸೌಜನ್ಯದಿಂದ ಕೇಳಿದ: "ಅಂಕಲ್, ಎಲ್ಲಿಂದ ಬಂತು?"

ಇದು ಅವ್ವನ ಮೊದಲನೆಯ ಪ್ರಶ್ನೆ! ಎದೆ ಉಬ್ಬಿತು. "ಬಂಕಾಪುರ" ಎಂದೆ. ಅವನಿಗೆ ತಿಳಿಯಲಿಲ್ಲ. ತಿಳಿಯದವರಿಗೆ ತಿಳಿಸುವುದು ನನ್ನ ರೋಗ. ಚೀಲ ಕೆಳಗಿಟ್ಟು ಶುರುಮಾಡಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಗೊತ್ತಲ್ಲ, ಅವನ ನೆಚ್ಚಿನ ಸಾಮಂತ ಬಂಕೇಯ, ಬನವಾಸಿ ನಾಡನ್ನು ಆಳಿದವ, 860ರ ಕೊಣ್ಣೂರ ಶಾಸನದಲ್ಲಿ ಅವನ ಮಾತು ಬರುತ್ತದೆ, ಅವನ ಹೆಸರಿನಿಂದಲೇ ನಮ್ಮೂರು—

"ಅಮೋಘವರ್ಷ ಯಾವ ಬ್ಲಾಕು ಅಂಕಲ್?"

ನಾನು ಎದೆಗುಂದಲಿಲ್ಲ. ಬಂಕೇಯನ ಮಗ ಲೋಕಾದಿತ್ಯ, ಬಂಕಾಪುರದಿಂದ ಆಳುತ್ತಿದ್ದಾಗ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆಯಾಯಿತು, ಅದು 898ರಲ್ಲಿ ಎಂದೆ.

ಹುಡುಗನ ಮುಖ ಅರಳಿತು. ಕೊನೆಗೂ ಒಂದು ನಂಬರ್ ಸಿಕ್ಕಿತ್ತು. 898 ಎಂದು ಒತ್ತಿದ. ಮತ್ತೆ ಮುಖ ಬಾಡಿತು. "ಎಂಟನೇ ಫ್ಲೋರಲ್ಲಿ ಆರೇ ಮನೆ ಇದೆ ಅಂಕಲ್. 806ಕ್ಕೆ ಮುಗೀತು."

ಇಷ್ಟರಲ್ಲಿ ನನ್ನ ಬೆನ್ನ ಹಿಂದೆ ಹಾಲಿನವರು, ತರಕಾರಿಯವರು, ಪೆಟ್ಟಿಗೆ ಹೊತ್ತ ಬೈಕಿನ ಹುಡುಗರು ಸಾಲುಗಟ್ಟಿದ್ದರು. ಒಬ್ಬ ಹಾರ್ನ್ ಬಾರಿಸಿದ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಗದ್ದಲ ಮಾಡಿದಾಗ ನೋಡುತ್ತಿದ್ದ ಹಾಗೆ ತಿರುಗಿ ನೋಡಿದೆ. ಅವನು ಇನ್ನೊಂದು ಸಲ ಬಾರಿಸಿದ.

ಆ ಯಂತ್ರದ ಒಳಗುಟ್ಟನ್ನು ಮಗ ಆಮೇಲೆ ಹೇಳಿದ. ಬಂದವನ ಫೋನ್ ನಂಬರ್ ಒತ್ತಬೇಕು, ಅವನ ಫೋನಿಗೆ ಓಟಿಪಿ ಬರುತ್ತದೆ. ಅದನ್ನು ಹೇಳಿದ ಮೇಲೆ ಫೋಟೋ. ಆಮೇಲೆ ಅವನು ಯಾವ ಜಾತಿಯ ಮನುಷ್ಯ ಎಂದು ಆರಿಸಬೇಕು. ನಮ್ಮ ಜಾತಿಗಳಲ್ಲ, ಅತಿಥಿ, ಡೆಲಿವರಿ, ಕ್ಯಾಬ್, ಮನೆಗೆಲಸ ಎಂಬ ನಾಲ್ಕೇ ವರ್ಣ. ಆಗ ಮನೆಯವರ ಮೊಬೈಲ್ ಕೂಗುತ್ತದೆ. ಅವರು ಹಸಿರು ಒತ್ತಿದರೆ ಒಳಗೆ, ಕೆಂಪು ಒತ್ತಿದರೆ ಹೊರಗೆ. ಹೊರಗೆ ಹೋಗುವಾಗ ಮತ್ತೆ ಗೇಟಿನಲ್ಲಿ ಗುರುತು ಹಾಕಬೇಕು. ಹೋಗದೆ ಬಹಳ ಹೊತ್ತು ಉಳಿದರೆ ಯಂತ್ರ ತಾನೇ ಬೊಬ್ಬೆ ಹಾಕುತ್ತದೆ. ಈ ಕೊನೆಯ ಗುಣವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ನಾನು ಇಟ್ಟುಕೊಂಡಿರಲಿಲ್ಲ.

ಓಟಿಪಿ ಬಂದದ್ದು ಚೀಲದ ತಳಕ್ಕೆ. 'ಟಿಂಗ್' ಎಂದದ್ದು ಕೇಳಿಸಿತು, ಕಾಣಿಸಲಿಲ್ಲ. ಗೇಟಿನ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹೊರಗೆ ಇಟ್ಟೆ. ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ, ಮೆಣಸಿನ ಪುಡಿ, ಖಾರದ ಪೊಟ್ಟಣಗಳು. ರಸ್ತೆಯ ಬದಿಗೆ ಒಂದು ಸಣ್ಣ ಸಂತೆಯೇ ನೆರೆಯಿತು. ವಾಕಿಂಗಿಗೆ ಹೊರಟ ಹೆಣ್ಣುಮಗಳೊಬ್ಬಳು ನಿಂತು, "ರೊಟ್ಟಿ ಎಷ್ಟಕ್ಕೆ ಹತ್ತು?" ಎಂದಳು. ಮೊಬೈಲು ಸಿಕ್ಕಿತು, ಅದರ ಗಾಜಿನ ಮೇಲಿನ ಶೇಂಗಾ ಹಿಂಡಿಯನ್ನು ಧೋತರದ ಚುಂಗಿನಿಂದ ಒರಸಿ ಆರು ಅಂಕಿ ಓದಿ ಹೇಳಿದೆ. ಹುಡುಗ ಯಂತ್ರ ಎತ್ತಿದ. ನಾನು ಅದೇ ಹೊತ್ತಿಗೆ ಚೀಲ ಎತ್ತಿದೆ. ಫೋಟೋ ಬಿತ್ತು.

ಮಗನ ಫೋನು ಕೂಗಿತು, ಅವನು ಏಳಲಿಲ್ಲ. ಸೊಸೆಯ ಫೋನು ಕೂಗಿತು. ಆ ಹೊತ್ತಿಗೆ ದಿನಾ ಸೊಪ್ಪಿನವನು ಬರುವ ವೇಳೆಯಂತೆ. ಅವಳು ಅರೆಗಣ್ಣಲ್ಲಿ ಹಸಿರು ಒತ್ತಿದಳು. ನಾನು ಗೆದ್ದ ಸೈನ್ಯದ ಹಾಗೆ ಒಳಗೆ ಹೋದೆ. ಪಾಟಿಯ ಮೇಲೆ ಹುಡುಗ ಏನು ಆರಿಸಿದ್ದ ಎಂದು ನೋಡುವ ಬುದ್ಧಿ ಬರಲಿಲ್ಲ. ಎದುರಿಗೆ ಹರವಿದ ಸಂತೆಯನ್ನು ನೋಡಿ ಆ ಹುಡುಗ ಮತ್ತೇನು ಆರಿಸಬೇಕಿತ್ತು?

ಎರಡು ದಿನ ಸುಖವಾಗಿ ಕಳೆದವು. ಕಂಪೌಂಡಿನ ಒಳಗೇ ತಿರುಗಾಡುತ್ತಿದ್ದೆ, ಹೊರಗೆ ಕಾಲಿಡಲಿಲ್ಲ. ಮೊಮ್ಮಗ, "ಯಾಕಜ್ಜ ಪಾರ್ಕಿಗೆ ಬರಲ್ಲ?" ಎಂದರೆ ಮೊಣಕಾಲ ನೋವೆಂದೆ. ನಿಜ ಸಂಗತಿ, ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ ಡಿಜಿಯಾತ್ರಾ ಎಂಬುದು ಬಂದು, ಮುಖ ತೋರಿಸಿದರೆ ಬಾಗಿಲು ತೆರೆಯುತ್ತದಂತೆ. ವಿಮಾನಕ್ಕೆ ಸಾಕಾಗುವ ಮುಖ ಮಗನ ಮನೆಗೆ ಸಾಲುವುದಿಲ್ಲ ಎಂಬ ಸತ್ಯವನ್ನು ನಾನು ಯಾರಿಗೂ ಹೇಳದೆ ನುಂಗಿಕೊಂಡೆ.

ಗುರುವಾರ ಸಂಜೆ ಏಳೂವರೆಗೆ ಗದ್ದಲ ಎದ್ದಿತು. ಎಲ್ಲರ ಮೊಬೈಲಿಗೂ ಸುದ್ದಿ: ಮಂಗಳವಾರ ಬೆಳಿಗ್ಗೆ 6ಕ್ಕೆ ಒಳಬಂದ ಡೆಲಿವರಿ ವ್ಯಕ್ತಿಯೊಬ್ಬ ಇನ್ನೂ ಹೊರಹೋಗಿಲ್ಲ. ಎರಡು ದಿನ ಒಬ್ಬ ಅಪರಿಚಿತ ಕಟ್ಟಡದೊಳಗೆ ಅಡಗಿದ್ದಾನೆ! ಕೆಳಗೆ ಹುಲ್ಲುಹಾಸಿನ ಮೇಲೆ ಮೂವತ್ತು ನಲವತ್ತು ಮಂದಿ ಕೂಡಿದರು. ಲಿಫ್ಟಿನಲ್ಲಿ ಟೊಪ್ಪಿಗೆಯವನೊಬ್ಬನನ್ನು ಕಂಡೆ ಎಂದು ಒಬ್ಬರು. ತನ್ನ ಮನೆಯ ಮುಂದೆ ಖಾರದ ವಾಸನೆ ಬಂದಿತ್ತು ಎಂದು ಇನ್ನೊಬ್ಬರು. ಬಾಲ್ಕನಿಯಿಂದ ಒಬ್ಬ ಮುದುಕಿ, ರಾತ್ರಿ ಯಾರೋ ಕೆಮ್ಮಿದ್ದು ಕೇಳಿಸಿತು ಎಂದಳು. ಆ ಕೆಮ್ಮು ನನಗೂ ಕೇಳಿಸಿತ್ತು ಎಂದು ನಾನು ಸಾಕ್ಷಿ ನುಡಿದೆ.

ಮಗ ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ನಮ್ಮ ಮನೆತನದ ಪರವಾಗಿ ಯಾರಾದರೂ ನಿಲ್ಲಬೇಕಲ್ಲ. ನಾನು ಮುಂದೆ ಬಂದೆ. "ನೋಡ್ರಿ, ನಾವು ಕೋಟೆಯೂರಿನವರು" ಎಂದು ಶುರುಮಾಡಿ, ಕೋಟೆಯೊಳಗೆ ನುಸುಳಿದ ಶತ್ರುವನ್ನು ಹಿಡಿಯುವ ಕ್ರಮ ವಿವರಿಸಿದೆ. ಮೊದಲು ಅಗಸಿ ಮುಚ್ಚಬೇಕು, ಆಮೇಲೆ ಮೇಲಿನಿಂದ ಕೆಳಗೆ ಬರಬೇಕು, ಕೆಳಗಿನಿಂದ ಮೇಲೆ ಹೋದರೆ ಅವನು ಮಾಳಿಗೆ ಹಾರಿ ಪಾರಾಗುತ್ತಾನೆ. ಜನ ತಲೆದೂಗಿದರು. ಎರಡು ತಂಡ ಮಾಡಿದೆ. ಒಂದಕ್ಕೆ ನಾನೇ ನಾಯಕ. ಕೈಗೆ ಬ್ಯಾಟರಿ ಕೊಟ್ಟರು.

ಆ ರಾತ್ರಿ ನಾನು ನನ್ನನ್ನು ಎಲ್ಲೆಲ್ಲಿ ಹುಡುಕಿದೆ ಎಂದರೆ ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಮೂರೂ ಬ್ಲಾಕಿನ ತಾರಸಿ. ನೀರಿನ ಟಾಕಿಯ ಮುಚ್ಚಳ ತೆಗೆದು ಬೆಳಕು ಬಿಟ್ಟೆ. ಜನರೇಟರ್ ಕೋಣೆಯಲ್ಲಿ ಒಂದು ಬೆಕ್ಕು ಮರಿ ಹಾಕಿತ್ತು; ಅದನ್ನು ಗುಂಪಿನವರಿಗೆ ತೋರಿಸಿ, ಮನುಷ್ಯ ಇದ್ದರೆ ಬೆಕ್ಕು ಇಲ್ಲಿ ಈಯುತ್ತಿರಲಿಲ್ಲ ಎಂದು ತರ್ಕ ಮಂಡಿಸಿದೆ. ನೆಲಮಾಳಿಗೆಯಲ್ಲಿ ಕಾರುಗಳ ಕೆಳಗೆ ಬಗ್ಗಿ ನೋಡಿ ನೋಡಿ ನಿಜವಾಗಿಯೂ ಮೊಣಕಾಲು ಹಿಡಿಯಿತು. ಒಂದು ಕಂಬದ ಹಿಂದೆ ನೆರಳು ಆಡಿತು. "ಯಾರವ? ಹೊರಗ ಬಾ!" ಎಂದು ಗದರಿದೆ. ಎದುರು ತಂಡದ ನಾಯಕರು ಹೊರಗೆ ಬಂದರು.

ಆಗ ಕಾವಲಿನ ಮುಖ್ಯಸ್ಥ ಆ ದಿನದ ಫೋಟೋ ತಂದು ತೋರಿಸಿದ. ಅದರಲ್ಲಿ ಮುಕ್ಕಾಲು ಭಾಗ ಗೋಣಿಚೀಲ. ಚೀಲದ ಮೇಲಂಚಿನಲ್ಲಿ ಒಂದು ಟೊಪ್ಪಿಗೆಯ ಅರ್ಧ. ನಡುವೆ ಒಂದು ಮೂಗು. ನಾನು ಕನ್ನಡಕ ಏರಿಸಿ ದೀರ್ಘವಾಗಿ ನೋಡಿದೆ. 31 ವರ್ಷ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರ ಮುಖ ಓದಿದ ಅನುಭವ ನನ್ನದು.

"ಈ ಮೂಗು ನೋಡಿದ್ರನ ಗೊತ್ತಾಕ್ಕೈತ್ರಿ" ಎಂದೆ, "ಇಂವ ಪಕ್ಕಾ ಕಳ್ಳ."

ಮೊಮ್ಮಗ ನನ್ನ ಮೊಳಕೈ ಅಡಿಯಿಂದ ತಲೆ ತೂರಿಸಿ ನೋಡಿದ. ಎರಡನೇ ಇಯತ್ತೆ ಹುಡುಗ. "ಅಜ್ಜಾ, ಇದು ನಮ್ಮ ರೊಟ್ಟಿ ಚೀಲ" ಎಂದ.

ಗುಂಪು ನನ್ನ ಮೂಗನ್ನು ನೋಡಿತು. ಫೋಟೋದ ಮೂಗನ್ನು ನೋಡಿತು. ಬ್ಯಾಟರಿ ಇನ್ನೂ ನನ್ನ ಕೈಯಲ್ಲೇ ಉರಿಯುತ್ತಿತ್ತು; ಅದನ್ನು ಆರಿಸುವುದಕ್ಕೂ ಕೈ ಬರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಮಾನದಲ್ಲಿ ಚೂರಾದರೂ ಉಳಿಯುತ್ತಿತ್ತು. ಆದರೆ ಯಂತ್ರ ಬಿಡಬೇಕಲ್ಲ. ಡೆಲಿವರಿ ಹೊರಗೆ ಹೋಗುವ ತನಕ ಅದು ಕೂಗುತ್ತಲೇ ಇರುತ್ತದಂತೆ. ಡೆಲಿವರಿಯನ್ನು ಒಳಗಿನಿಂದಲೇ ಅತಿಥಿ ಮಾಡಲು ಬರುವುದಿಲ್ಲ. ಒಮ್ಮೆ ಹೊರಗೆ ಕಳಿಸಿ, ಹೊಸದಾಗಿ ಅತಿಥಿಯಾಗಿ ಬರಮಾಡಿಕೊಳ್ಳಬೇಕು. ರಾತ್ರಿ ಹತ್ತೂವರೆಗೆ ನನ್ನನ್ನು ಗೇಟಿಗೆ ಕರೆದೊಯ್ದರು. ರಾತ್ರಿಪಾಳಿಯ ಹುಡುಗ ಬೇರೆಯವನು. "ಒಂದ ಹೆಜ್ಜಿ ಹೊರಗಿಡ್ರಿ ಸರ, ಅಷ್ಟ" ಎಂದ. ಆ 'ಅಷ್ಟ' ಕೇಳಿ ನನ್ನ ಕಿವಿ ನೆಟ್ಟಗಾಯಿತು. ಹೆಜ್ಜೆ ಹೊರಗಿಟ್ಟೆ. ಗೇಟು ಮುಚ್ಚಿತು. "ಈಗ ಓಟಿಪಿ ಹೇಳ್ರಿ" ಎಂದ. ಮೊಬೈಲು ಮನೆಯಲ್ಲಿ, ಏಳನೆಯ ಮಹಡಿಯಲ್ಲಿ, ಚಾರ್ಜಿಗಿತ್ತು.

ಮೊಮ್ಮಗ ಅದನ್ನು ತರಲು ಓಡಿದ. ನಾನು ರಸ್ತೆಯಲ್ಲಿ ನಿಂತೆ.

ಬಾಗಿಲ ಹೊರಗೆ ನಿಂತ ಬಂಕಾಪುರದವನಿಗೆ ಯಾರು ನೆನಪಾಗುತ್ತಾರೆ? ಕನಕದಾಸರು. ನಮ್ಮೂರ ಹತ್ತಿರದ ಬಾಡದಲ್ಲಿ ಹುಟ್ಟಿದವರು, ಬಂಕಾಪುರ ಕೋಟೆಯ ದಳನಾಯಕರಾಗಿದ್ದವರು ಎಂಬ ಹೇಳಿಕೆ ನಮ್ಮ ಕಡೆ ಮನೆಮಾತು. ಒಂದು ಕೋಟೆಯ ಬಾಗಿಲನ್ನೇ ಕಾದಿದ್ದವರನ್ನು ಉಡುಪಿಯ ಗುಡಿಯ ಬಾಗಿಲಲ್ಲಿ ತಡೆದರು. ಅವರು ಹಿಂಬದಿಗೆ ಹೋಗಿ ಹಾಡಿದರು, ಗೋಡೆ ಬಿರಿಯಿತು, ಕೃಷ್ಣ ತಿರುಗಿದ ಎನ್ನುತ್ತಾರೆ; ಆ ಕಿಂಡಿಯನ್ನು ಇಂದಿಗೂ ಜನ ಸಾಲುಗಟ್ಟಿ ನೋಡುತ್ತಾರೆ. ನಾನೂ ನಾಲ್ಕು ಹೆಜ್ಜೆ ಹಾಕಿ ಕಂಪೌಂಡಿನ ಹಿಂಬದಿಯನ್ನು ನೋಡಿ ಬಂದೆ. ಗೋಡೆಗೆ ಒಂದು ಗೀರೂ ಇರಲಿಲ್ಲ. ಮೇಲೆ ಕರೆಂಟಿನ ತಂತಿ ಬೇರೆ. ಗೋಡೆ ಬಿರಿಯಲು ಭಕ್ತಿ ಬೇಕು. ನಾನು ತಂದದ್ದು ಎರಡು ಕಿಲೋ ಖಾರ.

ವಾಪಸು ಬಂದು ಹುಡುಗನನ್ನು ಕೇಳಿದೆ. "ಯಾವೂರಪಾ ನಿಂದು?"

"ಹಿರೇಕೆರೂರ ತಾಲೂಕ್ರಿ."

"ಯಾರ ಪೈಕಿ?"

ಹೇಳಿದ. ಅವ್ವನ ವಿದ್ಯೆ ರಕ್ತದಲ್ಲಿ ಇದೆಯಲ್ಲ, ಮೂರನೆಯ ಪ್ರಶ್ನೆಗೆ ಎಳೆ ಸಿಕ್ಕಿತು. ಅವನ ಸೋದರಮಾವ ನನ್ನ ಶಿಷ್ಯ. "ಅಯ್ಯ, ಬಂಕಾಪೂರದ ಇತಿಹಾಸ ಮಾಸ್ತರ ನೀವನ ಏನ್ರಿ? ನಮ್ಮ ಮಾಮಾ ಇವತ್ತಿಗೂ ಬಲಗೈ ಬೆರಳು ಮಡಚಿ ತೋರಸ್ತಾನ್ರಿ, ಇದು ಪಾಣಿಪತ್ ಕದನದ ತಾರೀಖು ತಪ್ಪಿದ್ದಕ್ಕ ಬಿದ್ದ ಏಟು ಅಂತ!" ಎಂದು ಎದ್ದು ನಿಂತು ನಮಸ್ಕಾರ ಮಾಡಿದ. ಗೇಟಿನ ಸರಳುಗಳ ನಡುವೆಯೇ ಕಾಲು ಮುಟ್ಟಲು ಪ್ರಯತ್ನಿಸಿದ. ನನಗೆ ಕಣ್ಣು ತುಂಬಿತು.

"ಹಂಗಾದ್ರ ತೆಗಿಯಪಾ ಗೇಟು."

"ಓಟಿಪಿ ಬರ್ಲಿ ತಡೀರಿ ಮಾಸ್ತರ. ಸಿಸ್ಟಮ್ ಬಿಡಂಗಿಲ್ಲ."

ಲಿಫ್ಟು ಯಾವ ಮಹಡಿಯಲ್ಲಿ ಸಿಕ್ಕಿಕೊಂಡಿತ್ತೋ, ಮೊಮ್ಮಗ ಬರಲು ತಡವಾಯಿತು. ಗೇಟಿನ ಆಚೆ ಅವನು, ಈಚೆ ನಾನು. ಸುಮ್ಮನೆ ನಿಲ್ಲಲಾರದೆ ಪಾಠ ಶುರುವಾಯಿತು. ಈ ಪದ್ಧತಿ ಹೊಸದಲ್ಲಪಾ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷ ಎಂಬ ಅಧಿಕಾರಿಯೇ ಇದ್ದಾನೆ. ಒಂದು ಮಾಷ ಕೊಟ್ಟರೆ ಮುದ್ರೆ ಒತ್ತಿದ ರಹದಾರಿ ಕೊಡುತ್ತಾನೆ. ರಹದಾರಿ ಇಲ್ಲದೆ ಓಡಾಡಿದರೆ 12 ಪಣ ದಂಡ. ಧರ್ಮಛತ್ರದಲ್ಲಿ ಇಳಿದವರ ವರದಿಯನ್ನೂ ಅಧಿಕಾರಿಗೆ ಕೊಡಬೇಕು. ಆ ಪುಸ್ತಕದ ಓಲೆಗರಿ ಸಿಕ್ಕಿದ್ದೇ ನಮ್ಮ ಮೈಸೂರಿನಲ್ಲಿ, 1905ರಲ್ಲಿ, ಆರ್. ಶಾಮಶಾಸ್ತ್ರಿಗಳಿಗೆ. 1909ರಲ್ಲಿ ಅಚ್ಚಾಯಿತು. ಇಂಗ್ಲಿಷರು 1867ರಲ್ಲಿ ಸರಾಯಿ ಕಾಯ್ದೆ ತಂದು ಛತ್ರದವರು ಬಂದುಹೋದವರ ವರದಿ ಕೊಡಬೇಕೆಂದರು...

"12 ಪಣ ಅಂದ್ರ ಈಗಿನ ಎಷ್ಟ್ರಿ?" ಎಂದ ಹುಡುಗ.

"ಯಾಕ?"

"ನಿಮ್ಮನ್ನ ಡೆಲಿವರಿ ಅಂತ ಹಾಕ್ಯಾನಲ್ರಿ, ಹಗಲಪಾಳಿ ಹುಡುಗ, ಅಂವಗ ಒಂದ ದಿನದ ಪಗಾರ ಕಟ್ ಮಾಡ್ತಾರಂತ ಅನ್ನಾಕತ್ತಾರ್ರಿ."

ಪಾಠ ಅಲ್ಲಿಗೆ ನಿಂತಿತು. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ, ತಪ್ಪು ನನ್ನದು, ಊರ ಹೆಸರು ಕೇಳಿದರೆ ರಾಷ್ಟ್ರಕೂಟರ ವಂಶಾವಳಿ ಹೇಳಿದವನು ನಾನು ಎಂದು ಬರೆದುಕೊಟ್ಟೆ. ಪಗಾರ ಉಳಿಯಿತು. ಅಸ್ಸಾಮಿನ ಹುಡುಗ ನನ್ನನ್ನು ನೋಡಿದಾಗೆಲ್ಲ ನಗುತ್ತ, "ಅಮೋಘವರ್ಷ ಅಂಕಲ್" ಎಂದು ಸಲ್ಯೂಟ್ ಹೊಡೆಯತೊಡಗಿದ. ಪುಸ್ತಕದಲ್ಲಿ 31 ವರ್ಷ ಓದಿಸಿ ಯಾರ ನಾಲಗೆಯ ಮೇಲೂ ನಿಲ್ಲಿಸಲಾಗದ ಹೆಸರನ್ನು ಒಂದು ಮುಂಜಾವಿನಲ್ಲಿ ನಿಲ್ಲಿಸಿದ್ದೆ.

ಯಂತ್ರದ ಒಂದು ಕಾಲಂ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. 'ಭೇಟಿಯ ಉದ್ದೇಶ.' ನನ್ನದಕ್ಕೆ 'ವೈಯಕ್ತಿಕ' ಎಂದು ಹಾಕಿದ್ದರು. ಹತ್ತನೆಯ ಶತಮಾನದಲ್ಲಿ ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ನಮ್ಮ ಬಂಕಾಪುರಕ್ಕೆ ಬಂದ. ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಶ್ರವಣಬೆಳಗೊಳದ ಶಾಸನ ಹೇಳುವ ಸಂಗತಿ ಇದು. ನಮ್ಮ ಅಗಸಿಯಲ್ಲಿ ಆ ದಿನ ಪಾಟಿ ಹಿಡಿದ ಹುಡುಗನಿದ್ದಿದ್ದರೆ ಉದ್ದೇಶದ ಕಾಲಮ್ಮಿನಲ್ಲಿ ಏನು ಒತ್ತುತ್ತಿದ್ದ? ಹೊರಹೋಗದ ಅತಿಥಿಗಾಗಿ ಆ ಯಂತ್ರ ಇವತ್ತಿಗೂ ಕೂಗುತ್ತಿರುತ್ತಿತ್ತು.

ಮಗ ಕಾರಿನಲ್ಲಿ ಊರಿಗೆ ಬಿಡಲು ಬಂದ. ನಮ್ಮೂರ ಪಕ್ಕದಲ್ಲೇ ಹೆದ್ದಾರಿಯ ಟೋಲ್ ಇದೆ. ಗಾಜಿನ ಮೇಲಿನ ಚೀಟಿ ನೋಡಿ ಅಡ್ಡಗೋಲು ತಾನೇ ಮೇಲೆದ್ದಿತು. ಯಾವೂರು, ಯಾರ ಪೈಕಿ, ಏನೂ ಕೇಳಲಿಲ್ಲ. ದುಡ್ಡು ಮುರಿದುಕೊಂಡು ಬಿಟ್ಟಿತು. ಕಾರಿಗೆ ಇಷ್ಟು ಮರ್ಯಾದೆ ಇದೆ ಎಂದು ಗೊತ್ತಿದ್ದರೆ ಆ ದಿನ ಹಣೆಗೆ ಒಂದು ಫಾಸ್ಟ್ಯಾಗ್ ಅಂಟಿಸಿಕೊಂಡು ಹೋಗುತ್ತಿದ್ದೆ.

ಹೋಗುವ ಮುನ್ನ ಮಗ ನಮ್ಮ ತಲಬಾಗಿಲಿಗೆ ಕ್ಯಾಮೆರಾ ಇರುವ ಗಂಟೆಯೊಂದನ್ನು ಜಡಿದ. ಊರಿನಲ್ಲಿ ವಯಸ್ಸಾದ ನಾವಿಬ್ಬರೇ ಇರುತ್ತೇವೆಂದು ಅವನ ಚಿಂತೆ. ಯಾರು ಬಂದರೂ ಬೆಂಗಳೂರಿನ ಅವನ ಫೋನಿಗೆ ಸುದ್ದಿ ಹೋಗುತ್ತದೆ, ಅಲ್ಲಿಂದಲೇ ಮಾತಾಡಬಹುದು. ನಾನು ಬೇಡವೆನ್ನಲಿಲ್ಲ. ನೆಲಮಾಳಿಗೆಯ ಆ ರಾತ್ರಿಯ ನಂತರ ಮಗನ ಎದುರು ಬೇಡವೆನ್ನುವ ಹಕ್ಕು ನನಗೆ ಉಳಿದಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಮಗನ ಫೋನು. "ಅಪ್ಪಾಜಿ, ಬಾಗಿಲು ತೆಗೀಬೇಡಿ! ಯಾರೋ ಅಪರಿಚಿತ ನಿಂತಿದಾನೆ. ನೀಲಿ ರೇನ್‌ಕೋಟ್ ಹಾಕಿದಾನೆ. ಗಂಟೆಯನ್ನ ಗುದ್ದತಾ ಇದಾನೆ." ಬಡಿಗೆ ಹಿಡಿದು ಸಂದಿಯಿಂದ ನೋಡಿದೆ. ಯಾರೂ ಇಲ್ಲ. ಮರುದಿನವೂ ಅದೇ. ಅದರ ಮರುದಿನವೂ. ಮಗ ಪೊಲೀಸರಿಗೆ ಹೇಳಬೇಕೆಂದ. ಹಿಂದಿನ ಹುಡುಕಾಟದ ನೆನಪಿನಿಂದ ನಾನು ಮೊದಲು ಕನ್ನಡಿಯಲ್ಲಿ ನನ್ನ ಮೂಗು ನೋಡಿಕೊಂಡೆ. ನೀಲಿ ಬಟ್ಟೆ ಉಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡೆ. ನಾಲ್ಕನೆಯ ದಿನ ನಸುಕಿಗೇ ಕಿಟಕಿಯಲ್ಲಿ ಕೂತೆ. ಬಂದ. ಕಂದಕದ ಕಡೆಯಿಂದ ಗಂಭೀರವಾಗಿ ನಡೆದು ಬಂದು, ಅವ್ವ ಕೂಡುತ್ತಿದ್ದ ಕಟ್ಟೆಯ ಮೇಲೆ ಹಾರಿ ಕೂತ. ಗಂಟೆಯ ಹೊಳೆವ ಮುಖದಲ್ಲಿ ತನ್ನ ಮುಖ ಕಂಡು, ಕೊರಳು ಸೆಟೆಸಿ, ಟಕಟಕ ಕುಕ್ಕತೊಡಗಿದ. ನವಿಲು.

ನಮ್ಮ ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿಯ ಜೊತೆಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ದನಗಳ ತಳಿ ಕೇಂದ್ರವಿದೆ. ಆ 139 ಎಕರೆಯನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಿದರು. ಮಳೆಗಾಲ ಹತ್ತಿರ ಬಂದಾಗ ಗಂಡು ನವಿಲಿಗೆ ಗಾಜಿನಲ್ಲಿ ಕಾಣುವ ತನ್ನ ರೂಪವೇ ವೈರಿ. ನಾನು ಬಡಿಗೆ ಎತ್ತಿದೆ, ಇಳಿಸಿದೆ. 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವ. ಇಡೀ ದೇಶದಲ್ಲಿ ಓಟಿಪಿ ಕೇಳದೆ, ಕೈ ಎತ್ತದೆ ಬರಮಾಡಿಕೊಳ್ಳಬೇಕಾದ ಅತಿಥಿ ಅದೊಂದೇ ಎನಿಸಿತು. ದಿನಾ ನಸುಕಿಗೆ ನಿದ್ದೆಗೆಟ್ಟು ಮಗನೂ ಸೋತ. ಒಂದು ದಿನ ಬೇಸತ್ತು ತನ್ನ ಫೋನಿನಲ್ಲಿ ಆ ಮುಖವನ್ನು 'ಪರಿಚಿತರು' ಎಂಬ ಪಟ್ಟಿಗೆ ಸೇರಿಸಿಬಿಟ್ಟ.

ಕಾರಹುಣ್ಣಿವೆಯ ಮರುದಿನ ನಾನು ಬಚ್ಚಲಲ್ಲಿದ್ದೆ. ಹೊರಗೆ ಗಂಟೆ ಬಾರಿಸಿತು. ಆಮೇಲೆ ಗಂಟೆಯೊಳಗಿಂದ ಮಗನ ದನಿ: "ಹೇಳಿ, ಯಾರು ಬೇಕಿತ್ತು?"

"ಸರ್, ನಾನ್ರಿ ಸರ್. ನಿಮ್ಮ ಗೇಟಿನಾಗ ಇರ್ತೀನಲ್ರಿ."

"ಯಾವ ಗೇಟು?"

"ನಿಮ್ಮದ ಸರ್. ಸಿ 704. ನೈಟ್ ಡ್ಯೂಟಿ. ಎರಡ ವರ್ಷಾತ್ರಿ. ನಿಮ್ಮ ಬಿಳಿ ಕಾರ ಹನ್ನೊಂದಕ್ಕ ಬರತೈತಲ್ರಿ, ನಾನ ತಗಿತೀನ್ರಿ ಗೇಟು."

"ಸ್ವಲ್ಪ ಮುಖ ಕ್ಯಾಮೆರಾ ಹತ್ರ ತನ್ನಿ."

ನಾನು ಪಂಜೆ ಸುತ್ತಿಕೊಂಡು ನೀರು ತೊಟ್ಟಿಕ್ಕಿಸುತ್ತ ಪಡಸಾಲೆಗೆ ಬರುವಷ್ಟರಲ್ಲಿ ಹುಡುಗ ಬಗ್ಗಿ ಗಂಟೆಗೆ ಮುಖ ಒಡ್ಡಿ ನಿಂತಿದ್ದ. ಸಮವಸ್ತ್ರ ಇರಲಿಲ್ಲ, ಟೋಪಿ ಇರಲಿಲ್ಲ. ಹಬ್ಬದ ಹೊಸ ಅಂಗಿ, ಕೈಯಲ್ಲಿ ಮಾವಿನಹಣ್ಣಿನ ಚೀಲ. ಗಂಟೆ ಸ್ವಲ್ಪ ಹೊತ್ತು ಸುಮ್ಮನಿತ್ತು.

"ಗುರುತು ಸಿಗ್ತಿಲ್ಲ" ಎಂದಿತು.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಯಾರಪಾ? ಯಾವೂರು? ಅಲ್ಲೇ ಕಟ್ಟಿ ಮ್ಯಾಲ ಕುಂದ್ರು, ಚಾ ಇಟ್ಟೀನಿ. ಯಾರ ಪೈಕಿ ನೀ?"

ಹುಡುಗ ಕಟ್ಟೆಯ ಮೇಲೆ ಕೂತು ಹೇಳತೊಡಗಿದ. ಅವನ ತಾಯಿಯ ತವರಿಗೆ ಬರುವಷ್ಟರಲ್ಲಿ ಕಂದಕದ ಕಡೆಯಿಂದ ಅದು ಬಂತು. ಹಾರಿ ಅವನ ಪಕ್ಕದಲ್ಲಿ ಕೂತು ಕೊರಳು ಸೆಟೆಸಿತು.

"ಪರಿಚಿತರು ಬಾಗಿಲಲ್ಲಿದ್ದಾರೆ ಅಂತ ಬರ್ತಿದೆ" ಎಂದಿತು ಗಂಟೆ, ಈಗ ನಿರಾಳವಾಗಿ.

ಹುಡುಗ ಸರಿದು ಜಾಗ ಬಿಟ್ಟ.